ಹೈದರಾಬಾದ್ ಪ್ರಶ್ನೆ ಮತ್ತು ಕೊಪ್ಪಳ ಪ್ರದೇಶ

ಹೈದರಾಬಾದ್ ಪ್ರಶ್ನೆ ಎಂಬುದು ೧೯೪೭ರಿಂದ ೧೯೪೯ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭವಿಷ್ಯವನ್ನು ಕುರಿತು ದೆಹಲಿ, ಹೈದರಾಬಾದ್ ಹಾಗೂ ಪ್ಯಾರಿಸ್ ನಗರಗಳಲ್ಲಿ ನಡೆದ ರಾಜತಾಂತ್ರಿಕ ಮಾತುಕತೆಗಳಿಗೂ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ನಡೆದ ಚರ್ಚೆಗೂ ಒಟ್ಟಾಗಿ ಇರುವ ಹೆಸರು. ಇಂದಿನ ಕೊಪ್ಪಳ ಜಿಲ್ಲೆಯ ಮೂಲ ತಾಲ್ಲೂಕುಗಳಾದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಆಗ ಆ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿದ್ದವು. ಆದ್ದರಿಂದ ಈ ಮಾತುಕತೆಗಳ ಫಲವನ್ನು ಇಲ್ಲಿನ ಜನರೂ ಅನುಭವಿಸಿದರು. ದೇಶದ ಬಹುಭಾಗಕ್ಕೆ ೧೯೪೭ರ ಆಗಸ್ಟ್ ೧೫ರಂದು ಸ್ವಾತಂತ್ರ್ಯ ಬಂದರೆ, ಈ ನಾಲ್ಕು ತಾಲ್ಲೂಕುಗಳು ೧೯೪೮ರ ಸೆಪ್ಟೆಂಬರ್ ೧೭ರವರೆಗೆ, ಅಂದರೆ ಸುಮಾರು ಹದಿಮೂರು ತಿಂಗಳು ಕಾಯಬೇಕಾಯಿತು. ಸಂಧಾನದ ಮೇಜಿನ ಬಳಿ ಈ ಭಾಗದ ಪ್ರತಿನಿಧಿಗಳು ಯಾರೂ ಇರಲಿಲ್ಲ. ಅವರ ಅಭಿಪ್ರಾಯ ವ್ಯಕ್ತವಾದದ್ದು ಮುಂಡರಗಿ, ಗಜೇಂದ್ರಗಡದಂತಹ ಗಡಿ ಶಿಬಿರಗಳಲ್ಲಿ.

ಹಿನ್ನೆಲೆ

ಕೊಪ್ಪಳವು ಪ್ರಾಚೀನ ಶಾಸನಗಳಲ್ಲಿ ಕೊಪಣ ಎಂದು ಹೆಸರಾದ ಜೈನ ಕ್ಷೇತ್ರ. ಊರಿನ ಗವಿಮಠ ಹಾಗೂ ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿನ ಪಶ್ಚಿಮ ಭಾಗದಲ್ಲಿರುವ ಈ ಪ್ರದೇಶಕ್ಕಾಗಿ ವಿಜಯನಗರ ಮತ್ತು ಬಹಮನಿ ಅರಸರು, ಅವರ ನಂತರ ವಿಜಾಪುರದ ಸುಲ್ತಾನರು ಹೋರಾಡಿದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕೊಪ್ಪಳದ ಕೋಟೆ ಟಿಪ್ಪು ಸುಲ್ತಾನನ ಕೈಸೇರಿತು. ೧೭೯೦ರಲ್ಲಿ ಬ್ರಿಟಿಷರ ಮತ್ತು ನಿಜಾಮರ ಸೇನೆಗಳು ಅದನ್ನು ಮುತ್ತಿದವು. ಟಿಪ್ಪುವಿನ ಪತನಾನಂತರ ಪ್ರದೇಶವು ನಿಜಾಮರ ಆಡಳಿತದಲ್ಲಿ ನೆಲೆಗೊಂಡಿತು. ೧೮೫೮ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾವ್ ಮತ್ತು ಹಮ್ಮಿಗೆಯ ಕೆಂಚನಗೌಡರು ಹೋರಾಡುತ್ತ ಮಡಿದದ್ದು ಇದೇ ಕೋಟೆಯಲ್ಲಿ.

ರಾಯಚೂರು ದೋಆಬು ೧೯ನೆಯ ಶತಮಾನದಲ್ಲಿಯೇ ಎರಡು ಬಾರಿ ಒಪ್ಪಂದದ ವಸ್ತುವಾಗಿತ್ತು. ೧೮೫೩ರ ಒಪ್ಪಂದದಂತೆ ನಿಜಾಮರು ಸೇನಾವೆಚ್ಚದ ಬಾಕಿಗಾಗಿ ಬೇರಾರ್ ಪ್ರಾಂತದೊಂದಿಗೆ ಈ ದೋಆಬನ್ನೂ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಒಪ್ಪಿಸಿದರು. ೧೮೬೦ರ ಒಪ್ಪಂದದಲ್ಲಿ ಬ್ರಿಟಿಷ್ ಸರ್ಕಾರವು ಅದನ್ನು ಮರಳಿಸಿತು. ೧೯೦೫ರಲ್ಲಿ ಲಿಂಗಸುಗೂರು ಜಿಲ್ಲೆ ರದ್ದಾಗಿ ಅದರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದವು.

ಸಂಸ್ಥಾನದಲ್ಲಿ ಪ್ರದೇಶದ ಸ್ಥಾನ

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಹೈದರಾಬಾದ್ ಭಾರತದ ದೊಡ್ಡ ಸಂಸ್ಥಾನಗಳಲ್ಲಿ ಒಂದಾಗಿತ್ತು. ಅದರ ವಿಸ್ತೀರ್ಣ ಸುಮಾರು ೮೨,೦೦೦ ಚದರ ಮೈಲಿ. ೧೯೪೧ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು ೧ ಕೋಟಿ ೬೩ ಲಕ್ಷ. ತೆಲುಗು, ಮರಾಠಿ ಮತ್ತು ಕನ್ನಡ ಭಾಷಿಕ ಪ್ರದೇಶಗಳು ಇದರಲ್ಲಿ ಸೇರಿದ್ದವು. ಕಲಬುರಗಿ, ರಾಯಚೂರು ಮತ್ತು ಬೀದರ ಜಿಲ್ಲೆಗಳು ಕನ್ನಡ ಭಾಗವೆನಿಸಿದ್ದವು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ೧೯೧೧ರಲ್ಲಿ ಪಟ್ಟಕ್ಕೆ ಬಂದಿದ್ದರು.

ನಾಲ್ಕು ತಾಲ್ಲೂಕುಗಳ ಆಡಳಿತ ಒಂದೇ ಬಗೆಯದಾಗಿರಲಿಲ್ಲ. ಗಂಗಾವತಿ ಮತ್ತು ಕುಷ್ಟಗಿ ನೇರವಾಗಿ ಸರ್ಕಾರದ ಅಧೀನದಲ್ಲಿದ್ದವು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರುಗಳಾಗಿದ್ದವು. ಆ ಮನೆತನದ ಕೊನೆಯ ಜಾಗೀರುದಾರರಾದ ಮೂರನೆಯ ಸಾಲಾರ್ ಜಂಗ್, ಅಂದರೆ ಮೀರ್ ಯೂಸುಫ್ ಅಲಿ ಖಾನ್ (೧೮೮೯–೧೯೪೯), ೧೯೧೨ರಿಂದ ೧೯೧೪ರವರೆಗೆ ಸಂಸ್ಥಾನದ ಪ್ರಧಾನಿಯಾಗಿದ್ದರು. ಹೈದರಾಬಾದಿನ ಪ್ರಸಿದ್ಧ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವು ಅವರ ಸಂಗ್ರಹದಿಂದ ರೂಪುಗೊಂಡು ೧೯೫೧ರ ಡಿಸೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಗೊಂಡಿತು.

ಆಡಳಿತ, ನ್ಯಾಯಾಲಯ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿತ್ತು. ಕಂದಾಯದ ಲೆಕ್ಕ ಫಸಲಿ ವರ್ಷದಲ್ಲಿ ನಡೆಯುತ್ತಿತ್ತು. ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು. ಹಾಲಿ ಸಿಕ್ಕಾ ಎಂದು ಕರೆಯಲಾಗುತ್ತಿದ್ದ ಈ ನಾಣ್ಯದ ಏಳು ರೂಪಾಯಿ ಬ್ರಿಟಿಷ್ ಭಾರತದ ಆರು ರೂಪಾಯಿಗೆ ಹೆಚ್ಚುಕಡಿಮೆ ಸಮವಾಗಿತ್ತು. ಗಡಿಯಲ್ಲಿ ಸುಂಕ ವಸೂಲಿಗಾಗಿ ಕರೋಡಗಿರಿ ನಾಕೆಗಳಿದ್ದವು.

ಪ್ರದೇಶದ ಭೂಗೋಳವೂ ಮುಂದಿನ ಘಟನೆಗಳಿಗೆ ಕಾರಣವಾಯಿತು. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ವಾಯವ್ಯಕ್ಕೆ ಅದೇ ಪ್ರಾಂತದ ವಿಜಾಪುರ ಜಿಲ್ಲೆ, ದಕ್ಷಿಣಕ್ಕೆ ತುಂಗಭದ್ರೆಯಾಚೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಇದ್ದವು. ಎರಡೂ ಕಡೆಯ ಭಾಷೆ ಕನ್ನಡವೇ. ಸಂತೆ, ಜಾತ್ರೆ, ಬೀಗತನಗಳು ಗಡಿಯನ್ನು ದಾಟಿ ನಡೆಯುತ್ತಿದ್ದವು. ಗದಗ ಮತ್ತು ಹೊಸಪೇಟೆಗಳನ್ನು ಕೂಡಿಸುವ ರೈಲುಮಾರ್ಗ ಕೊಪ್ಪಳದ ಮೂಲಕ ಹಾದುಹೋಗುತ್ತಿತ್ತು.

ಜಾಗೃತಿಯ ಸಂಸ್ಥೆಗಳು

ಸಂಸ್ಥಾನದಲ್ಲಿ ರಾಜಕೀಯ ಸಭೆಗಳಿಗೆ ನಿರ್ಬಂಧವಿದ್ದುದರಿಂದ ಕನ್ನಡಿಗರ ಸಾರ್ವಜನಿಕ ಜೀವನವು ಮೊದಲು ಶಾಲೆ ಹಾಗೂ ಸಾಹಿತ್ಯ ಸಂಸ್ಥೆಗಳ ಆಶ್ರಯದಲ್ಲಿ ಬೆಳೆಯಿತು. ಕಲಬುರಗಿಯ ನೂತನ ವಿದ್ಯಾಲಯ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಆರಂಭಿಸಿದ ಹಮ್‌ದರ್ದ್ ಶಾಲೆ ಮತ್ತು ಯಲಬುರ್ಗಾ ತಾಲ್ಲೂಕಿನ ಕುಕನೂರಿನಲ್ಲಿದ್ದ ವಿದ್ಯಾನಂದ ಗುರುಕುಲ ಇವುಗಳಲ್ಲಿ ಮುಖ್ಯವಾದವು. ಕನ್ನಡ ಸಾಹಿತ್ಯ ಸಮ್ಮೇಳನವು ನಿಜಾಮರ ಆಳ್ವಿಕೆಯಲ್ಲಿಯೇ ಎರಡು ಬಾರಿ ಈ ಭಾಗದಲ್ಲಿ ನಡೆಯಿತು. ೧೯೨೮ರಲ್ಲಿ ಕಲಬುರಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರೂ ೧೯೩೪ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರೂ ಅಧ್ಯಕ್ಷತೆ ವಹಿಸಿದ್ದರು.

೧೯೩೮ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪನೆಯಾಯಿತು. ಸರ್ಕಾರವು ಅದನ್ನು ಕೂಡಲೇ ನಿಷೇಧಿಸಿತು. ಅದೇ ವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಂದೇ ಮಾತರಂ ಚಳವಳಿ ನಡೆಯಿತು. ಗೀತೆ ಹಾಡಿದ ಕಾರಣಕ್ಕೆ ಹೊರಹಾಕಲ್ಪಟ್ಟ ಅನೇಕ ವಿದ್ಯಾರ್ಥಿಗಳು ನಾಗಪುರ ವಿಶ್ವವಿದ್ಯಾಲಯದಲ್ಲಿ ಓದನ್ನು ಮುಂದುವರಿಸಿದರು. ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದದ್ದು ೧೯೪೬ರಲ್ಲಿ. ೧೯೪೭ರ ಜೂನ್‌ನಲ್ಲಿ ಹೈದರಾಬಾದಿನಲ್ಲಿ ನಡೆದ ಅದರ ಅಧಿವೇಶನಕ್ಕೆ ಸ್ವಾಮಿ ರಾಮಾನಂದ ತೀರ್ಥರು ಅಧ್ಯಕ್ಷರಾಗಿದ್ದರು. ಅವರು ಹುಟ್ಟಿದ್ದು ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಸಂಸ್ಥಾನವು ಭಾರತದ ಒಕ್ಕೂಟಕ್ಕೆ ಸೇರಬೇಕೆಂದು ಪಕ್ಷವು ಒತ್ತಾಯಿಸಿ, ಆಗಸ್ಟ್ ೭ರಂದು 'ಭಾರತ ಒಕ್ಕೂಟ ಸೇರಿ' ದಿನವನ್ನು ಆಚರಿಸಿತು.

ಮಾತುಕತೆಗಳು (೧೯೪೭–೪೮)

ಪರಮಾಧಿಕಾರದ ಅಂತ್ಯ

ಭಾರತ ಸ್ವಾತಂತ್ರ್ಯ ಕಾಯಿದೆಯಂತೆ ಸಂಸ್ಥಾನಗಳ ಮೇಲೆ ಬ್ರಿಟಿಷ್ ಅರಸೊತ್ತಿಗೆಗೆ ಇದ್ದ ಪರಮಾಧಿಕಾರವು ೧೯೪೭ರ ಆಗಸ್ಟ್ ೧೫ರಂದು ಕೊನೆಗೊಂಡಿತು. ಜೂನ್‌ನಲ್ಲಿಯೇ ನಿಜಾಮರು ಫರ್ಮಾನು ಹೊರಡಿಸಿ, ತಾವು ಭಾರತ ಅಥವಾ ಪಾಕಿಸ್ತಾನ ಯಾವುದರ ಸಂವಿಧಾನ ಸಭೆಗೂ ಪ್ರತಿನಿಧಿಗಳನ್ನು ಕಳುಹಿಸುವುದಿಲ್ಲವೆಂದೂ ಸ್ವತಂತ್ರ ಸಾರ್ವಭೌಮರಾಗುವ ಹಕ್ಕು ತಮಗಿದೆಯೆಂದೂ ಸಾರಿದ್ದರು. ವಿಲೀನ ಪತ್ರಕ್ಕೆ ಸಹಿ ಹಾಕಲು ಅವರು ಒಪ್ಪಲಿಲ್ಲ.

ಆ ಮುಂಚೆ ಮೈಸೂರಿನ ದಿವಾನರಾಗಿ ಹೆಸರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ೧೯೪೬ರಲ್ಲಿ ಹೈದರಾಬಾದಿನ ಪ್ರಧಾನಿಯಾಗಿ ಬಂದು, ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ವಿರೋಧದ ನಡುವೆ ೧೯೪೭ರಲ್ಲಿ ರಾಜೀನಾಮೆ ನೀಡಿದ್ದರು. ಅವರ ನಂತರ ಛತಾರಿಯ ನವಾಬರು ಅಧಿಕಾರ ವಹಿಸಿಕೊಂಡರು. ಛತಾರಿ ನವಾಬರು, ಸಂವಿಧಾನ ಸಲಹೆಗಾರರಾದ ಸರ್ ವಾಲ್ಟರ್ ಮಾಂಕ್ಟನ್ ಮತ್ತು ಸರ್ ಸುಲ್ತಾನ್ ಅಹಮದ್ ಸಂಸ್ಥಾನದ ಪರವಾಗಿ ದೆಹಲಿಯಲ್ಲಿ ಮಾತುಕತೆ ನಡೆಸಿದರು. ಭಾರತದ ಕಡೆ ಗವರ್ನರ್ ಜನರಲ್ ಲಾರ್ಡ್ ಮೌಂಟ್‌ಬ್ಯಾಟನ್, ಉಪಪ್ರಧಾನಿ ಸರ್ದಾರ್ ವಲ್ಲಭಭಾಯಿ ಪಟೇಲ್ ಹಾಗೂ ಸಂಸ್ಥಾನಗಳ ಇಲಾಖೆಯ ಕಾರ್ಯದರ್ಶಿ ವಿ. ಪಿ. ಮೆನನ್ ಇದ್ದರು.

ಯಥಾಸ್ಥಿತಿ ಒಪ್ಪಂದ

ಅಕ್ಟೋಬರ್‌ನಲ್ಲಿ ಒಪ್ಪಂದದ ಕರಡು ಸಿದ್ಧವಾಯಿತು. ನಿಯೋಗವು ದೆಹಲಿಗೆ ಹೊರಡಬೇಕಾಗಿದ್ದ ಹೊತ್ತಿನಲ್ಲಿ ರಜಾಕಾರರ ಬೆಂಬಲಿಗರು ಸದಸ್ಯರ ನಿವಾಸಗಳನ್ನು ಮುತ್ತಿದ್ದರಿಂದ ಪ್ರಯಾಣ ನಿಂತಿತು. ಇತ್ತೆಹಾದಿನ ಸ್ವಯಂಸೇವಕ ಪಡೆಯೇ ರಜಾಕಾರರು. ಪಕ್ಷದ ಅಧ್ಯಕ್ಷ ಕಾಸಿಂ ರಜ್ವಿ ಅದನ್ನು ಶಸ್ತ್ರಸಜ್ಜಿತ ಸಂಘಟನೆಯಾಗಿ ಬೆಳೆಸಿದ್ದರು. ಛತಾರಿ ನವಾಬರ ನಿಯೋಗ ರಾಜೀನಾಮೆ ನೀಡಿತು. ಮೊಯಿನ್ ನವಾಜ್ ಜಂಗ್ ನೇತೃತ್ವದ ಹೊಸ ನಿಯೋಗ ದೆಹಲಿಗೆ ಹೋಯಿತು.

ಕೊನೆಗೆ ೧೯೪೭ರ ನವೆಂಬರ್ ೨೯ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿಯಾಯಿತು. ಅದರ ಮುಖ್ಯ ಅಂಶಗಳು ಹೀಗಿದ್ದವು:

• ವಿದೇಶ ವ್ಯವಹಾರ, ರಕ್ಷಣೆ ಮತ್ತು ಸಂಪರ್ಕ ಸೇರಿದಂತೆ ಸಮಾನ ಆಸಕ್ತಿಯ ವಿಷಯಗಳಲ್ಲಿ ಬ್ರಿಟಿಷ್ ಅರಸೊತ್ತಿಗೆ ಮತ್ತು ನಿಜಾಮರ ನಡುವೆ ಇದ್ದ ವ್ಯವಸ್ಥೆಗಳು ಭಾರತ ಮತ್ತು ನಿಜಾಮರ ನಡುವೆ ಮುಂದುವರಿಯತಕ್ಕದ್ದು.
• ಎರಡೂ ಸರ್ಕಾರಗಳು ಪರಸ್ಪರ ರಾಜಧಾನಿಗಳಲ್ಲಿ ಪ್ರತಿನಿಧಿಗಳನ್ನು ನೇಮಿಸತಕ್ಕದ್ದು.
• ಭಾರತವು ಪರಮಾಧಿಕಾರವನ್ನು ಚಲಾಯಿಸತಕ್ಕದ್ದಲ್ಲ.
• ವಿವಾದಗಳನ್ನು ಪಂಚಾಯಿತಿಗೆ ಒಪ್ಪಿಸತಕ್ಕದ್ದು.
• ಒಪ್ಪಂದದ ಅವಧಿ ಒಂದು ವರ್ಷ.

ಮೀರ್ ಲಾಯಕ್ ಅಲಿ ಸಂಸ್ಥಾನದ ಪ್ರಧಾನಿಯಾದರು. ೧೯೪೮ರ ಜನವರಿಯಲ್ಲಿ ಕೆ. ಎಂ. ಮುನ್ಷಿಯವರು ಭಾರತದ ಏಜೆಂಟ್ ಜನರಲ್ ಆಗಿ ಹೈದರಾಬಾದಿಗೆ ಬಂದರು. ಜೈನ್ ಯಾರ್ ಜಂಗ್ ದೆಹಲಿಯಲ್ಲಿ ಸಂಸ್ಥಾನದ ಪ್ರತಿನಿಧಿಯಾದರು.

ಒಪ್ಪಂದದ ಕುಸಿತ

ಒಪ್ಪಂದ ಉಲ್ಲಂಘನೆಯ ಆರೋಪಗಳು ಎರಡೂ ಕಡೆಯಿಂದ ಕೇಳಿಬಂದವು. ಸಂಸ್ಥಾನವು ಭಾರತದ ನಾಣ್ಯದ ಚಲಾವಣೆಗೆ ಮಿತಿ ಹಾಕಿದೆ, ಅಮೂಲ್ಯ ಲೋಹಗಳ ರಫ್ತನ್ನು ತಡೆದಿದೆ, ಪಾಕಿಸ್ತಾನಕ್ಕೆ ೨೦ ಕೋಟಿ ರೂಪಾಯಿ ಸಾಲ ಕೊಟ್ಟಿದೆ, ಶಸ್ತ್ರಾಸ್ತ್ರಗಳನ್ನು ಗುಟ್ಟಾಗಿ ತರಿಸುತ್ತಿದೆ ಎಂದು ಭಾರತ ಆಕ್ಷೇಪಿಸಿತು. ಭಾರತವು ಗಡಿಯಲ್ಲಿ ಸರಕುಗಳನ್ನು ತಡೆದು ಆರ್ಥಿಕ ದಿಗ್ಬಂಧನ ವಿಧಿಸಿದೆ ಎಂಬುದು ಸಂಸ್ಥಾನದ ದೂರಾಗಿತ್ತು.

೧೯೪೮ರ ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ಕೊನೆಯ ಪ್ರಯತ್ನ ಮಾಡಿದರು. ಜವಾಬ್ದಾರಿ ಸರ್ಕಾರ ಮತ್ತು ಜನಮತಗಣನೆಗಳನ್ನು ಒಳಗೊಂಡ ಕರಡನ್ನು ನಿಜಾಮರು ತಿರಸ್ಕರಿಸಿದರು. ಅದೇ ತಿಂಗಳ ೨೧ರಂದು ಮೌಂಟ್‌ಬ್ಯಾಟನ್ ಭಾರತದಿಂದ ನಿರ್ಗಮಿಸಿದರು. ಈ ಜನಮತಗಣನೆ ನಡೆದಿದ್ದರೆ ಕೊಪ್ಪಳ ಪ್ರದೇಶದ ಜನರಿಗೆ ತಮ್ಮ ಭವಿಷ್ಯದ ಬಗ್ಗೆ ನೇರವಾಗಿ ಅಭಿಪ್ರಾಯ ಹೇಳುವ ಅವಕಾಶ ದೊರೆಯುತ್ತಿತ್ತು. ಅದು ನಡೆಯಲೇ ಇಲ್ಲ.

ಗಡಿ ಶಿಬಿರಗಳು

೧೯೪೭ರ ಆಗಸ್ಟ್ ೧೫ರಂದು ರಾಮಾನಂದ ತೀರ್ಥರ ಬಂಧನವಾಯಿತು. ನಂತರ ಹೋರಾಟವು ಎರಡು ರೂಪ ತಾಳಿತು. ಸಂಸ್ಥಾನದ ಒಳಗೆ ರಾಷ್ಟ್ರಧ್ವಜಾರೋಹಣ, ಲೆವಿ ಧಾನ್ಯ ನೀಡಲು ನಿರಾಕರಣೆ, ಅಬಕಾರಿ ಆದಾಯ ತಗ್ಗಿಸಲು ಈಚಲು ಮರಗಳನ್ನು ಕಡಿಯುವುದು ಮೊದಲಾದ ಸತ್ಯಾಗ್ರಹ ಕಾರ್ಯಕ್ರಮಗಳು ನಡೆದವು. ಸಂಸ್ಥಾನದ ಹೊರಗೆ, ಭಾರತದ ನೆಲದಲ್ಲಿ, ಗಡಿಗುಂಟ ಶಿಬಿರಗಳು ಹುಟ್ಟಿಕೊಂಡವು.

ಕೊಪ್ಪಳ ಪ್ರದೇಶಕ್ಕೆ ಹತ್ತಿರವಾಗಿದ್ದ ಶಿಬಿರಗಳಲ್ಲಿ ಎರಡು ಪ್ರಸಿದ್ಧವಾಗಿವೆ. ಧಾರವಾಡ ಜಿಲ್ಲೆಯ ಮುಂಡರಗಿಯಲ್ಲಿದ್ದ ಶಿಬಿರಕ್ಕೆ ಕೊಪ್ಪಳ ತಾಲ್ಲೂಕಿನ ಅಳವಂಡಿಯ ಶಿವಮೂರ್ತಿ ಸ್ವಾಮಿಯವರು ನಾಯಕರಾಗಿದ್ದರು. ಗಜೇಂದ್ರಗಡದ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರು ನಡೆಸಿದರು. ಯಲಬುರ್ಗಾ ತಾಲ್ಲೂಕಿನ ಸಂಗನಾಳದ ಪ್ರಭುರಾಜ ಪಾಟೀಲರು ಈ ಭಾಗದ ಮತ್ತೊಬ್ಬ ಮುಖ್ಯ ಹೋರಾಟಗಾರರು.

ಶಿಬಿರಗಳು ಏಕಕಾಲದಲ್ಲಿ ಮೂರು ಕೆಲಸಗಳನ್ನು ನಿರ್ವಹಿಸುತ್ತಿದ್ದವು. ರಜಾಕಾರರ ಹಾವಳಿಗೆ ಹೆದರಿ ಗಡಿ ದಾಟಿ ಬಂದ ಕುಟುಂಬಗಳಿಗೆ ಆಶ್ರಯ ನೀಡುವುದು ಒಂದು. ತರುಣರಿಗೆ ತರಬೇತಿ ಕೊಟ್ಟು ಗಡಿಗ್ರಾಮಗಳ ರಕ್ಷಣೆಗೆ ಕಳುಹಿಸುವುದು ಎರಡನೆಯದು. ಕರೋಡಗಿರಿ ನಾಕೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿ ಸಂಸ್ಥಾನದ ಆಡಳಿತವನ್ನು ಗಡಿಭಾಗದಲ್ಲಿ ದುರ್ಬಲಗೊಳಿಸುವುದು ಮೂರನೆಯದು. ಭಾರತದ ನೆಲದಲ್ಲಿ ನಿಂತು ನಡೆಸಿದ ಈ ದಾಳಿಗಳು ಯಥಾಸ್ಥಿತಿ ಒಪ್ಪಂದದ ಉಲ್ಲಂಘನೆಯೆಂದು ನಿಜಾಮ ಸರ್ಕಾರವು ಭಾರತಕ್ಕೆ ದೂರಿತು. ಹೀಗೆ ಗಡಿಯ ಹಳ್ಳಿಗಳ ಘಟನೆಗಳು ರಾಜಧಾನಿಗಳ ಪತ್ರವ್ಯವಹಾರದೊಳಗೆ ಸೇರಿದವು.

ಭದ್ರತಾ ಮಂಡಳಿಯಲ್ಲಿ ಚರ್ಚೆ

೧೯೪೮ರ ಆಗಸ್ಟ್ ೨೧ರಂದು ಹೈದರಾಬಾದ್ ಸರ್ಕಾರವು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ತಂತಿ ಕಳುಹಿಸಿ, ಭಾರತದೊಂದಿಗಿನ ತನ್ನ ವಿವಾದವನ್ನು ಪರಿಶೀಲಿಸಬೇಕೆಂದು ಕೋರಿತು. ವಿಶ್ವಸಂಸ್ಥೆಯ ಸದಸ್ಯವಲ್ಲದ ರಾಷ್ಟ್ರವೂ ತನ್ನ ವಿವಾದವನ್ನು ಮಂಡಳಿಯ ಮುಂದಿಡಬಹುದೆಂಬ ಸನ್ನದಿನ ೩೫ನೆಯ ವಿಧಿಯ ಎರಡನೆಯ ಖಂಡವು ಈ ಮನವಿಗೆ ಆಧಾರವಾಗಿತ್ತು. ಮೊಯಿನ್ ನವಾಜ್ ಜಂಗ್ ನೇತೃತ್ವದ ನಿಯೋಗ ಪ್ಯಾರಿಸ್ಸಿಗೆ ತೆರಳಿತು.

ಸೆಪ್ಟೆಂಬರ್ ೧೬ರಂದು ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ಸರ್ ಅಲೆಕ್ಸಾಂಡರ್ ಕಡೊಗನ್ ಅಧ್ಯಕ್ಷತೆಯಲ್ಲಿ ಮಂಡಳಿ ಸೇರಿತು. ವಿಷಯವನ್ನು ಕಾರ್ಯಸೂಚಿಗೆ ತೆಗೆದುಕೊಳ್ಳುವ ನಿರ್ಣಯದ ಪರವಾಗಿ ಎಂಟು ಮತಗಳು ಬಂದವು. ಸೋವಿಯತ್ ಒಕ್ಕೂಟ, ಉಕ್ರೇನ್ ಮತ್ತು ಚೀನಾ ತಟಸ್ಥವಾಗಿದ್ದವು. ಭಾರತದ ಪರವಾಗಿ ಸರ್ ಎ. ರಾಮಸ್ವಾಮಿ ಮುದಲಿಯಾರ್ ವಾದ ಮಂಡಿಸಿದರು. ೧೯೪೬ರಿಂದ ೧೯೪೯ರವರೆಗೆ ಮೈಸೂರು ಸಂಸ್ಥಾನದ ಕೊನೆಯ ದಿವಾನರಾಗಿದ್ದವರು ಅವರೇ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರೂ ಆಗಿದ್ದರು. ಹೈದರಾಬಾದ್ ಎಂದೂ ಅಂತರರಾಷ್ಟ್ರೀಯ ಅರ್ಥದಲ್ಲಿ ರಾಷ್ಟ್ರವಾಗಿರಲಿಲ್ಲ, ಆದ್ದರಿಂದ ಮಂಡಳಿಗೆ ದೂರು ನೀಡುವ ಅರ್ಹತೆ ಅದಕ್ಕಿಲ್ಲ ಎಂಬುದು ಭಾರತದ ವಾದದ ತಿರುಳು.

ಈ ಚರ್ಚೆ ಆರಂಭವಾಗುವ ವೇಳೆಗೆ ಭಾರತೀಯ ಸೇನೆ ಸಂಸ್ಥಾನದೊಳಗೆ ಮೂರು ದಿನಗಳಿಂದ ಮುನ್ನಡೆಯುತ್ತಿತ್ತು. ಶರಣಾಗತಿಯ ನಂತರ ಸೆಪ್ಟೆಂಬರ್ ೨೨ರಂದು ನಿಜಾಮರು ತಂತಿಯ ಮೂಲಕ ದೂರನ್ನು ಹಿಂದೆಗೆದುಕೊಂಡರು. ೧೯೪೯ರ ಮೇ ತಿಂಗಳಿನಲ್ಲಿ ಪಾಕಿಸ್ತಾನದ ವಿದೇಶಾಂಗ ಸಚಿವ ಸರ್ ಮೊಹಮ್ಮದ್ ಜಫ್ರುಲ್ಲಾ ಖಾನ್ ಮಂಡಳಿಯಲ್ಲಿ ಈ ವಿಷಯವಾಗಿ ಮಾತನಾಡಿದರು. ಮಂಡಳಿಯು ಯಾವುದೇ ನಿರ್ಣಯ ಅಂಗೀಕರಿಸಲಿಲ್ಲ.

ಪೊಲೀಸ್ ಕಾರ್ಯಾಚರಣೆ

೧೯೪೮ರ ಸೆಪ್ಟೆಂಬರ್ ೧೩ರಂದು ಆರಂಭವಾದ ಸೇನಾ ಕ್ರಮಕ್ಕೆ 'ಆಪರೇಷನ್ ಪೋಲೋ' ಎಂಬ ಗುಪ್ತನಾಮವಿತ್ತು. ಸರ್ಕಾರವು ಅದನ್ನು 'ಪೊಲೀಸ್ ಕಾರ್ಯಾಚರಣೆ' ಎಂದು ಕರೆಯಿತು. ಮೇಜರ್ ಜನರಲ್ ಜೆ. ಎನ್. ಚೌಧುರಿ ನೇತೃತ್ವದ ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮಾರ್ಗವಾಗಿ ಹೈದರಾಬಾದಿನತ್ತ ಸಾಗಿತು. ಇನ್ನೊಂದು ಪಡೆ ಬೆಜವಾಡದ ಕಡೆಯಿಂದ ಹೊರಟಿತು. ದಕ್ಷಿಣದ ಗಡಿಯಲ್ಲಿ, ಹೊಸಪೇಟೆಯ ಕಡೆ, ೧ನೆಯ ಮೈಸೂರು ಪದಾತಿ ದಳವು ರಜಾಕಾರರನ್ನು ಎದುರಿಸಿತು.

ಸೆಪ್ಟೆಂಬರ್ ೧೭ರಂದು ಲಾಯಕ್ ಅಲಿ ಸಂಪುಟ ರಾಜೀನಾಮೆ ನೀಡಿತು. ಅಂದು ಸಂಜೆ ನಿಜಾಮರು ಕದನವಿರಾಮವನ್ನು ಸಾರಿದರು. ಮರುದಿನ ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಅವರು ಚೌಧುರಿಯವರಿಗೆ ವಿಧ್ಯುಕ್ತವಾಗಿ ಶರಣಾದರು. ಚೌಧುರಿಯವರು ಮಿಲಿಟರಿ ಗವರ್ನರ್ ಆದರು.

ಕಾರ್ಯಾಚರಣೆಯ ಸಂದರ್ಭದಲ್ಲಿ ಮತ್ತು ಅನಂತರ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ಪ್ರತೀಕಾರದ ಹಿಂಸಾಚಾರ ನಡೆಯಿತು. ಇದನ್ನು ಪರಿಶೀಲಿಸಲು ಭಾರತ ಸರ್ಕಾರವು ಪಂಡಿತ ಸುಂದರಲಾಲ್ ನೇತೃತ್ವದ ಸದ್ಭಾವನಾ ನಿಯೋಗವನ್ನು ಕಳುಹಿಸಿತು. ೨೭,೦೦೦ದಿಂದ ೪೦,೦೦೦ ಜನರು ಪ್ರಾಣ ಕಳೆದುಕೊಂಡಿರಬಹುದೆಂದು ನಿಯೋಗವು ಅಂದಾಜು ಮಾಡಿತು. ಉಸ್ಮಾನಾಬಾದ್, ಕಲಬುರಗಿ, ಬೀದರ ಮತ್ತು ನಾಂದೇಡ ಜಿಲ್ಲೆಗಳಲ್ಲಿ ಹಾನಿ ಅತ್ಯಧಿಕವೆಂದು ತಿಳಿಸಿತು. ಈ ವರದಿ ಹಲವು ದಶಕಗಳ ಕಾಲ ಪ್ರಕಟವಾಗಲಿಲ್ಲ. ರಜಾಕಾರರ ದೌರ್ಜನ್ಯ ಮತ್ತು ಆ ಬಳಿಕದ ಪ್ರತೀಕಾರ, ಇವೆರಡನ್ನೂ ಕೂಡಿಸಿ ನೋಡಿದಾಗಲೇ ೧೯೪೮ರ ಚಿತ್ರ ಪೂರ್ಣವಾಗುತ್ತದೆ.

ಜಾಗೀರಿನಿಂದ ಪ್ರಜಾಪ್ರಭುತ್ವಕ್ಕೆ

೧೯೪೯ರ ಆಗಸ್ಟ್‌ನಲ್ಲಿ ಹೈದರಾಬಾದ್ ಜಾಗೀರು ರದ್ದಿಯಾತಿ ಕಾನೂನು ಜಾರಿಗೆ ಬಂದಿತು. ಕೊಪ್ಪಳ ಮತ್ತು ಯಲಬುರ್ಗಾ ಜಾಗೀರುಗಳು ಕೊನೆಗೊಂಡು, ನಾಲ್ಕೂ ತಾಲ್ಲೂಕುಗಳು ಒಂದೇ ಬಗೆಯ ಆಡಳಿತಕ್ಕೆ ಒಳಪಟ್ಟವು. ೧೯೫೦ರ ಜನವರಿ ೨೬ರಂದು ಹೈದರಾಬಾದ್ ಭಾರತ ಗಣರಾಜ್ಯದ ಒಂದು ರಾಜ್ಯವಾಯಿತು. ನಿಜಾಮರು ರಾಜಪ್ರಮುಖರಾದರು. ಎಂ. ಕೆ. ವೆಲ್ಲೋಡಿ ಮುಖ್ಯಮಂತ್ರಿಯಾಗಿ ನೇಮಕಗೊಂಡರು. ಮೊದಲ ಸಾರ್ವತ್ರಿಕ ಚುನಾವಣೆಯ ನಂತರ, ೧೯೫೨ರಲ್ಲಿ, ಬೂರ್ಗುಲ ರಾಮಕೃಷ್ಣರಾವ್ ಚುನಾಯಿತ ಮುಖ್ಯಮಂತ್ರಿಯಾದರು.

ಆ ಚುನಾವಣೆಯಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಶಿವಮೂರ್ತಿ ಸ್ವಾಮಿ ಅಳವಂಡಿಯವರು ಪಕ್ಷೇತರರಾಗಿ ಆಯ್ಕೆಯಾದರು. ಗಡಿಯಾಚೆಯ ಶಿಬಿರದಲ್ಲಿದ್ದ ನಾಯಕರು ನಾಲ್ಕು ವರ್ಷಗಳೊಳಗೆ ಸಂಸತ್ತಿನ ಸದಸ್ಯರಾದರು. ೧೯೬೨ರಲ್ಲಿ ಅವರು ಲೋಕ ಸೇವಕ ಸಂಘದ ಅಭ್ಯರ್ಥಿಯಾಗಿ ಕೊಪ್ಪಳ ಕ್ಷೇತ್ರದಿಂದ ಮತ್ತೊಮ್ಮೆ ಲೋಕಸಭೆಗೆ ಆಯ್ಕೆಯಾದರು.

ತುಂಗಭದ್ರಾ ಒಪ್ಪಂದ ಮತ್ತು ಅಣೆಕಟ್ಟು

ಈ ಪ್ರದೇಶದ ಬದುಕನ್ನು ಬದಲಿಸಿದ ಮತ್ತೊಂದು ಒಪ್ಪಂದ ನೀರಿಗೆ ಸಂಬಂಧಿಸಿದ್ದು. ೧೯೪೪ರಲ್ಲಿ ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳು ತುಂಗಭದ್ರೆಯ ನೀರನ್ನು ತಲಾ ೬೫ ಟಿಎಂಸಿ ಅಡಿಯಂತೆ ಬಳಸಿಕೊಳ್ಳಲು ಒಪ್ಪಿದವು. ೧೯೪೫ರ ಫೆಬ್ರುವರಿ ೨೮ರಂದು ಅಣೆಕಟ್ಟಿಗೆ ನದಿಯ ಎರಡೂ ದಡಗಳಲ್ಲಿ ಶಂಕುಸ್ಥಾಪನೆ ನಡೆಯಿತು. ಹೈದರಾಬಾದ್ ಕಡೆ ಬೇರಾರಿನ ಯುವರಾಜರೂ ಮದರಾಸಿನ ಕಡೆ ಗವರ್ನರ್ ಸರ್ ಆರ್ಥರ್ ಹೋಪ್ ಅವರೂ ಅದನ್ನು ನೆರವೇರಿಸಿದರು. ಅಣೆಕಟ್ಟಿನ ಎಡದಂಡೆ ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿದೆ. ರಾಜಕೀಯ ಅನಿಶ್ಚಿತತೆಯ ವರ್ಷಗಳನ್ನು ದಾಟಿ ಕಾಮಗಾರಿ ಮುಂದುವರಿದು, ೧೯೫೩ರ ಜುಲೈನಲ್ಲಿ ಕಾಲುವೆಗೆ ನೀರು ಬಿಡಲಾಯಿತು.

ಸುಮಾರು ೨೨೭ ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆಯು ಗಂಗಾವತಿಯಿಂದ ಮುಂದಕ್ಕೆ ಸಿಂಧನೂರು, ಮಾನ್ವಿ, ರಾಯಚೂರುಗಳ ಕಡೆ ಹರಿಯುತ್ತದೆ. ಒಣಬೇಸಾಯದ ಗಂಗಾವತಿ ಭತ್ತದ ಕಣಜವೆನಿಸಿತು. ನೀರಾವರಿ ಬೇಸಾಯದಲ್ಲಿ ಪಳಗಿದ ರೈತರು ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ನೆಲೆಸಿದರು. ಅವರ ವಸತಿಗಳು ಇಂದಿಗೂ 'ಕ್ಯಾಂಪು'ಗಳೆಂದೇ ಕರೆಯಲ್ಪಡುತ್ತವೆ. ಎತ್ತರದಲ್ಲಿರುವ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಗೆ ಈ ಕಾಲುವೆಯ ನೀರು ತಲುಪಲಿಲ್ಲ. ಅಲ್ಲಿ ಜೋಳ, ಸಜ್ಜೆ ಮೊದಲಾದ ಮಳೆಯಾಶ್ರಿತ ಬೆಳೆಗಳೇ ಮುಂದುವರಿದವು.

ರಾಜ್ಯ ಪುನರ್ವಿಂಗಡಣೆ

೧೯೫೩ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಎಸ್. ಫಜಲ್ ಅಲಿ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಎಚ್. ಎನ್. ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರು. ೧೯೫೫ರ ಸೆಪ್ಟೆಂಬರ್ ೩೦ರಂದು ಸಲ್ಲಿಕೆಯಾದ ವರದಿಯು ಹೈದರಾಬಾದ್ ರಾಜ್ಯದ ರಾಯಚೂರು ಮತ್ತು ಕಲಬುರಗಿ ಜಿಲ್ಲೆಗಳ ಕನ್ನಡ ಪ್ರದೇಶಗಳನ್ನು ಹೊಸ ಕರ್ನಾಟಕ ರಾಜ್ಯಕ್ಕೆ 
ಸೇರಿಸಲು ಶಿಫಾರಸು ಮಾಡಿತು. ಆದರೆ ತುಂಗಭದ್ರಾ ಯೋಜನೆಯ ಹಿತದೃಷ್ಟಿಯಿಂದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದೂ ಹೇಳಿತು. ಅದು ಜಾರಿಗೆ ಬಂದಿದ್ದರೆ ಅಣೆಕಟ್ಟಿನ ಎರಡು ದಡಗಳು ಎರಡು ರಾಜ್ಯಗಳಲ್ಲಿ ಉಳಿಯುತ್ತಿದ್ದವು. ಕನ್ನಡಿಗರ ತೀವ್ರ ವಿರೋಧದ ನಂತರ ಆ ಶಿಫಾರಸನ್ನು ಕೈಬಿಡಲಾಯಿತು.

೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯವು ವಿಸರ್ಜನೆಗೊಂಡಿತು. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳನ್ನು ಬಿಟ್ಟು ರಾಯಚೂರು ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳಕ್ಕೂ ಮುಂಡರಗಿಗೂ ನಡುವಿನ ಗಡಿರೇಖೆ ಅಂದಿನಿಂದ ಕೇವಲ ಜಿಲ್ಲೆಗಳ ಗಡಿಯಾಗಿ ಉಳಿಯಿತು. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು.

ನಂತರದ ಬೆಳವಣಿಗೆಗಳು

೧೯೯೭ರ ಆಗಸ್ಟ್ ೨೪ರಂದು ರಾಯಚೂರು ಜಿಲ್ಲೆಯಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಬೇರ್ಪಡಿಸಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ನಂತರ ಕುಕನೂರು, ಕನಕಗಿರಿ ಮತ್ತು ಕಾರಟಗಿ ಹೊಸ ತಾಲ್ಲೂಕುಗಳಾದವು. ಕನ್ನಡ ಸಾಹಿತ್ಯ ಸಮ್ಮೇಳನವು ೧೯೯೩ರಲ್ಲಿ ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆಯಲ್ಲಿ ಕೊಪ್ಪಳದಲ್ಲಿಯೂ ೨೦೧೧ರಲ್ಲಿ ಸಿ. ಪಿ. ಕೃಷ್ಣಕುಮಾರ್ ಅವರ ಅಧ್ಯಕ್ಷತೆಯಲ್ಲಿ ಗಂಗಾವತಿಯಲ್ಲಿಯೂ ನಡೆಯಿತು.

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ರಾಜ್ಯದ ೩೯ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಕುಷ್ಟಗಿ ಮತ್ತು ಯಲಬುರ್ಗಾ ಸೇರಿದ್ದವು. ೨೦೧೨ರ ೯೮ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ೩೭೧ (ಜೆ) ವಿಧಿಯು ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಗೂ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿಗೂ ಅವಕಾಶ ಕಲ್ಪಿಸಿತು. ೨೦೧೯ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಮರುನಾಮಕರಣ ಮಾಡಲಾಯಿತು. ಸೆಪ್ಟೆಂಬರ್ ೧೭ರಂದು ಈ ಜಿಲ್ಲೆಗಳಲ್ಲಿ ಸರ್ಕಾರಿ ಧ್ವಜಾರೋಹಣ ನಡೆಯುತ್ತದೆ.

ಐತಿಹಾಸಿಕ ವಿವೇಚನೆ

ಹೈದರಾಬಾದ್ ಪ್ರಶ್ನೆಯಲ್ಲಿ ಭಾಗವಹಿಸಿದ ಹಲವರು ತಮ್ಮ ತಮ್ಮ ದೃಷ್ಟಿಯ ವೃತ್ತಾಂತಗಳನ್ನು ಬರೆದಿದ್ದಾರೆ. ವಿ. ಪಿ. ಮೆನನ್ ಮತ್ತು ಕೆ. ಎಂ. ಮುನ್ಷಿ ಭಾರತ ಸರ್ಕಾರದ ನಿಲುವನ್ನು, ಮೀರ್ ಲಾಯಕ್ ಅಲಿ ಸಂಸ್ಥಾನದ ನಿಲುವನ್ನು, ಸ್ವಾಮಿ ರಾಮಾನಂದ ತೀರ್ಥರು ಜನಾಂದೋಲನದ ನಿಲುವನ್ನು ಮಂಡಿಸಿದ್ದಾರೆ. ಮೊದಲ ಮೂವರ ಬರಹಗಳ ಕೇಂದ್ರ ರಾಜಧಾನಿಗಳ ಸಂಧಾನ. ಅವುಗಳನ್ನಷ್ಟೇ ಓದಿದರೆ ಕೊಪ್ಪಳ, ಯಲಬುರ್ಗಾಗಳಂತಹ ಊರುಗಳು ನಕ್ಷೆಯ ಅಂಚಿನಲ್ಲಿ ಉಳಿದುಬಿಡುತ್ತವೆ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಶಿಬಿರಗಳ ಇತಿಹಾಸ, ಜಾಗೀರು ರದ್ದಿಯಾತಿ ಮತ್ತು ನೀರು ಹಂಚಿಕೆ ಇವು ಭದ್ರತಾ ಮಂಡಳಿಯ ಕಲಾಪದಷ್ಟೇ ಮಹತ್ವದ ವಿಷಯಗಳು. ಸೆಪ್ಟೆಂಬರ್ ೧೭ನ್ನು 'ವಿಮೋಚನೆ' ಎನ್ನಬೇಕೆ, 'ವಿಲೀನ' ಎನ್ನಬೇಕೆ ಎಂಬ ಚರ್ಚೆಯೂ ವಿದ್ವಾಂಸರಲ್ಲಿ ನಡೆದಿದೆ.

ಕಾಲಾನುಕ್ರಮ

• ೧೮೫೩ – ರಾಯಚೂರು ದೋಆಬು ಕಂಪನಿಯ ವಶಕ್ಕೆ. ೧೮೬೦ರಲ್ಲಿ ನಿಜಾಮರಿಗೆ ವಾಪಸು
• ೧೯೩೮ – ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪನೆ ಮತ್ತು ನಿಷೇಧ
• ೧೯೪೪ – ತುಂಗಭದ್ರಾ ನೀರಿನ ಬಗ್ಗೆ ಮದರಾಸು–ಹೈದರಾಬಾದ್ ಒಪ್ಪಂದ
• ೨೯ ನವೆಂಬರ್ ೧೯೪೭ – ಯಥಾಸ್ಥಿತಿ ಒಪ್ಪಂದ
• ೨೧ ಆಗಸ್ಟ್ ೧೯೪೮ – ಭದ್ರತಾ ಮಂಡಳಿಗೆ ಮನವಿ
• ೧೩–೧೮ ಸೆಪ್ಟೆಂಬರ್ ೧೯೪೮ – ಪೊಲೀಸ್ ಕಾರ್ಯಾಚರಣೆ ಮತ್ತು ಶರಣಾಗತಿ
• ಆಗಸ್ಟ್ ೧೯೪೯ – ಜಾಗೀರುಗಳ ರದ್ದತಿ
• ಜುಲೈ ೧೯೫೩ – ತುಂಗಭದ್ರಾ ಕಾಲುವೆಗೆ ನೀರು
• ೧ ನವೆಂಬರ್ ೧೯೫೬ – ಮೈಸೂರು ರಾಜ್ಯಕ್ಕೆ ಸೇರ್ಪಡೆ
• ೨೪ ಆಗಸ್ಟ್ ೧೯೯೭ – ಕೊಪ್ಪಳ ಜಿಲ್ಲೆಯ ರಚನೆ

ಇದನ್ನೂ ನೋಡಿ: ಕರ್ನಾಟಕ ಏಕೀಕರಣ, ಕಲ್ಯಾಣ ಕರ್ನಾಟಕ, ತುಂಗಭದ್ರಾ ಅಣೆಕಟ್ಟು, ಸ್ವಾಮಿ ರಾಮಾನಂದ ತೀರ್ಥ, ಕೊಪ್ಪಳ ಜಿಲ್ಲೆ